ಅತ್ತೆ ಉಣ್ಣಲೆಂದು ಹೇಳಿದ ಜಪ

"ಮದರ್, ಗಂಟೆ ಹೊಡೆಯಿತೆಂದು ಮಂಡಿಯೂರಿದರೆ ಅದು ಪ್ರಾರ್ಥನೆಯಾಗುತ್ತದೆಯೇ?"

ಕೇಳಿದವಳು ಲೂರ್ದು ಮೇರಿ. ಕನ್ಯಾಮಠಕ್ಕೆ ಸೇರಿ ಅವಳಿಗೆ ಒಂಬತ್ತು ತಿಂಗಳಾಗಿತ್ತು. ಹೊಸದಾಗಿ ಬಂದ ಹುಡುಗಿಯರಿಗೆ ಪಾಠ ಹೇಳುವ ಹೊಣೆ ಮದರ್ ಸವೇರಿಯಮ್ಮನವರದು. ಇಬ್ಬರೂ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಯಾಕೆ ಹಾಗೆ ಕೇಳಿದೆ?" ಎಂದರು ಮದರ್.

"ಬಂದ ಹೊಸತರಲ್ಲಿ ಪ್ರಾರ್ಥನೆಗೆ ಕೂತರೆ ಕಣ್ಣು ತುಂಬಿ ಬರುತ್ತಿತ್ತು. ಈಗ ಏನೂ ಇಲ್ಲ. ಬಾಯಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಪ್ರೀತಿಯೇ ಇಲ್ಲದೆ ದೇವರ ಮುಂದೆ ಬಾಯಿ ಆಡಿಸುವುದು ಮೋಸವಲ್ಲವೇ? ಮನಸ್ಸು ಬಂದ ದಿನ ಮಾತ್ರ ಹೇಳಿದರೆ ಆಗದೇ?"

ಮದರ್ ಮೊರದಲ್ಲಿದ್ದ ಕಾಳನ್ನು ಪಾತ್ರೆಗೆ ಸುರಿದರು. ಆಮೇಲೆ ಒಂದು ಕತೆ ಹೇಳಿದರು.

ನದಿಯ ದಡದ ಒಂದು ಊರಿನಲ್ಲಿ ಒಬ್ಬ ರೇಷ್ಮೆ ಬೆಳೆಗಾರನಿದ್ದ. ಹೆಸರು ಚೌರಪ್ಪ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ಒಂದು ಹುಳುಮನೆ, ಹಿತ್ತಿಲಲ್ಲಿ ಒಂದು ಬಾವಿ. ಮಕ್ಕಳಿರಲಿಲ್ಲ. ಹೆಂಡತಿ ಆರೋಗ್ಯಮ್ಮ ಇದ್ದಳು. ಆರೋಗ್ಯಮ್ಮನ ತಾಯಿ ಮದಲೇನಮ್ಮ ಇದ್ದಳು. ಆ ಮುದುಕಿಗೆ ಕಣ್ಣು ಮಂಜಾಗಿ ಬೆಳಕು ಯಾವುದು ನೆರಳು ಯಾವುದು ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಬೇರೆ ದಿಕ್ಕಿಲ್ಲದೆ ಮಗಳ ಮನೆಗೆ ಬಂದು ಸೇರಿದ್ದಳು.

ಆ ಮನೆಯಲ್ಲಿ ಸಂಜೆಯ ಜಪ ಆರೋಗ್ಯಮ್ಮನ ಕೆಲಸ. ತಿರುಹೃದಯದ ದೇವರಪಟದ ಮುಂದೆ ಮೇಣದಬತ್ತಿ ಹಚ್ಚಿ, ಜಪಸರ ಹಿಡಿದು ಅವಳು ಹೇಳುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತು ಮರುನುಡಿಯುತ್ತಿದ್ದಳು. ಚೌರಪ್ಪ ಗೋಡೆಗೆ ಒರಗಿ ಕೂತು, ಅರ್ಧ ಮನಸ್ಸನ್ನು ಹುಳುಮನೆಯಲ್ಲಿಟ್ಟು, ತುಟಿ ಅಲುಗಿಸುತ್ತಿದ್ದ. ಜಪ ಮುಗಿದ ಮೇಲೆ ಊಟ. ಹದಿನೆಂಟು ವರ್ಷ ಹೀಗೆಯೇ ನಡೆಯಿತು.

ಒಂದು ಬೇಸಿಗೆಯಲ್ಲಿ ಆರೋಗ್ಯಮ್ಮನಿಗೆ ಜ್ವರ ಬಂತು. ಮೂರನೇ ದಿನ ಆಸ್ಪತ್ರೆಗೆ ಕರೆದೊಯ್ದರು. ನಾಲ್ಕನೇ ದಿನ ಅವಳನ್ನು ಮಣ್ಣು ಮಾಡಿದರು.

ಆ ನಾಲ್ಕು ದಿನದಲ್ಲಿ ಚೌರಪ್ಪ ತನ್ನ ಜೀವಮಾನದಲ್ಲಿ ಎಂದೂ ಬೇಡದಷ್ಟು ಬೇಡಿದ್ದ. ಆಸ್ಪತ್ರೆಯ ವರಾಂಡದಲ್ಲಿ ನಿಂತು, ಜನ ನೋಡುತ್ತಿದ್ದಾರೆಂಬ ನಾಚಿಕೆ ಬಿಟ್ಟು, ಕೈಜೋಡಿಸಿ ಬೇಡಿದ್ದ. ಮೂವತ್ತನೇ ದಿನದ ಪೂಜೆ ಮುಗಿಸಿ ಬಂದವನು ಜಪಸರವನ್ನು ಪಟದ ಹಿಂದೆ ಸಿಕ್ಕಿಸಿದ. "ಇನ್ನು ಈ ಮನೆಯಲ್ಲಿ ಇದು ಬೇಡ" ಎಂದ. ನೆಂಟರು ಯಾರೂ ಎದುರಾಡಲಿಲ್ಲ. ಹೊರಡುವಾಗ ಒಬ್ಬರು, "ಮುದುಕಿಯನ್ನು ಏನು ಮಾಡುವುದು? ಅನಾಥಾಲಯದಲ್ಲಿ ಕೇಳೋಣವೇ?" ಎಂದರು. ಚೌರಪ್ಪ, "ಇರಲಿ" ಎಂದ. ಅಷ್ಟೇ. ಎಲ್ಲರೂ ಬಸ್ಸು ಹತ್ತಿದರು.

ಮನೆಯಲ್ಲಿ ಇಬ್ಬರು ಉಳಿದರು. ಅವನು ಮಾತು ನಿಲ್ಲಿಸಿದ. ಮುದುಕಿ ಏನು ಕೇಳಿದರೂ ಒಂದು ಹೂಂ, ಒಂದು ಊಹೂಂ. ಸಂಜೆ ಹುಳುವಿಗೆ ಸೊಪ್ಪು ಹಾಕಿ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದ. ಕಾಲ ಬುಡದಲ್ಲಿದ್ದ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಬಾವಿಗೆ ಹಾಕುತ್ತಿದ್ದ. ಬಾವಿ ಆಳವಾಗಿತ್ತು. ಮತ್ತೆ ಸೊಪ್ಪು ಹಾಕುವ ಹೊತ್ತಾದಾಗ ಎದ್ದು ಬರುತ್ತಿದ್ದ. ಹುಳುಗಳು ಹಸಿದರೆ ಸಾಯುತ್ತವೆ ಎಂಬುದೊಂದೇ ಅವನಿಗೆ ಏಳುವುದಕ್ಕೆ ಇದ್ದ ಕಾರಣ.

ಒಂದು ಸಂಜೆ ಅವನು ಮುದ್ದೆ ತೊಳಸಿ, ಹುರುಳಿ ಸಾರು ಹಾಕಿ, ಅತ್ತೆಯ ಮುಂದೆ ತಟ್ಟೆ ಇಟ್ಟ. ಅವಳು ತಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿದಳು. ಉಣ್ಣಲಿಲ್ಲ.

"ಏನು?" ಎಂದ.

"ಜಪ ಆಗಿಲ್ಲವಲ್ಲ, ಅಳಿಯಂದಿರೇ. ಮೂವತ್ತು ದಿನ ನೆಂಟರು ಹೇಳುತ್ತಿದ್ದರು, ನಡೆಯಿತು. ಆಮೇಲೆ ಹೇಗೋ ನುಂಗುತ್ತಿದ್ದೆ. ಇನ್ನು ಜಪ ಇಲ್ಲದೆ ನನಗೆ ತುತ್ತು ಇಳಿಯುವುದಿಲ್ಲ."

"ನೀವೇ ಹೇಳಿಕೊಂಡು ಉಣ್ಣಿ."

"ನನಗೆ ಮರೆವು. ಮೊದಲು ಸಿಕ್ಕರೆ ಕೊನೆ ಸಿಗುವುದಿಲ್ಲ. ಅವಳು ಹೇಳುತ್ತಿದ್ದಳು, ನಾನು ಹಿಂದೆ ಹಿಂದೆ ಹೋಗುತ್ತಿದ್ದೆ."

ಚೌರಪ್ಪ ಎದ್ದು ಹುಳುಮನೆಗೆ ಹೋದ. ತಿರುಗಿ ಬಂದಾಗ ಮುದ್ದೆ ಆರಿ ಒಣಗಿತ್ತು. ಮುದುಕಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಾಗೆಯೇ ಕೂತಿದ್ದಳು. ಮರುದಿನ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದಳು. ಮಧ್ಯಾಹ್ನ, "ಹಸಿವಿಲ್ಲ" ಎಂದಳು. ಸಂಜೆ ಮತ್ತೆ ತಟ್ಟೆಯ ಮುಂದೆ ಕೂತಳು, ಉಣ್ಣಲಿಲ್ಲ. ಮೂರನೇ ದಿನ ಗೋಡೆ ಹಿಡಿದು ಏಳಲು ಹೋಗಿ ತಲೆಸುತ್ತಿ ಕುಸಿದು ಕೂತಳು. ಚೌರಪ್ಪ ಅದನ್ನು ಕಂಡ.

"ಒಂದು ಹೇಳುತ್ತೇನೆ" ಎಂದ. ದನಿಯಲ್ಲಿ ಸಿಟ್ಟಿತ್ತು. "ಒಂದೇ ಒಂದು. ನಿಮಗಾಗಿ. ಅವನಿಗಾಗಿ ಅಲ್ಲ."

"ಸಾಕು" ಎಂದಳು ಮುದುಕಿ. "ಅದು ನಿಮಗೂ ಅವನಿಗೂ ಬಿಟ್ಟದ್ದು. ನನ್ನ ಕಿವಿಗೆ ಬಿದ್ದರೆ ಆಯಿತು."

ಅವನು ಮಂಡಿಯೂರಿದ. ಬಸ್ಸಿನ ಬೋರ್ಡು ಓದುವವನಂತೆ 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಎಂದು ಶುರು ಮಾಡಿದ. 'ನಿಮ್ಮ ಚಿತ್ತ ನೆರವೇರಲಿ' ಎನ್ನುವ ಕಡೆ ಬಂದು ನಿಂತುಬಿಟ್ಟ. ಆ ಮಾತು ಹೇಳಲು ಅವನಿಂದ ಆಗಲಿಲ್ಲ.

ಮುದುಕಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೆಲ್ಲಗೆ, "ಅದನ್ನು ಬಿಟ್ಟುಬಿಡಿ. ಮುಂದಿನದು ಹೇಳಿ" ಎಂದಳು.

ಅವನು ಅದನ್ನು ಬಿಟ್ಟು ಮುಂದಿನದು ಹೇಳಿದ. ಅವಳು ಆಮೆನ್ ಎಂದಳು. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡು ಪೂರ್ತಿ ಉಂಡಳು.

"ಅಂಥ ಮಾತನ್ನು ಬಿಟ್ಟು ಹೇಳಬಹುದೇ, ಮದರ್?" ಎಂದಳು ಲೂರ್ದು ಮೇರಿ. ಮದರ್ ನಕ್ಕು, "ಕತೆ ಕೇಳು" ಎಂದರು.

ಅಂದಿನಿಂದ ದಿನವೂ ಸಂಜೆ ಏಳಕ್ಕೆ ಒಂದು ಜಪ, ಒಂದು ಮಾತು ಕಡಿಮೆ. ಒಂದು ನಿಮಿಷದ ಕೆಲಸ. ಚೌರಪ್ಪ ಅದನ್ನು ಅತ್ತೆಗೆ ಕಣ್ಣಿನ ಔಷಧಿ ಬಿಡುವ ಹಾಗೆ ಮಾಡಿ ಮುಗಿಸುತ್ತಿದ್ದ. ಆದರೆ ಒಂದು ಅನುಕೂಲವಾಯಿತು. ಏಳು ಗಂಟೆಗೆ ಮನೆಯೊಳಗೆ ಇರಲೇಬೇಕಾದ್ದರಿಂದ ಬಾವಿಕಟ್ಟೆಯಿಂದ ಬೇಗ ಏಳುತ್ತಿದ್ದ.

ಮುದುಕಿ ಅವಸರಪಡಲಿಲ್ಲ. ಒಂದು ಬೆಳೆ ಕಳೆದು ಮುಂದಿನ ಬೆಳೆಯ ಹುಳುಮರಿಗಳು ಬಂದ ಮೇಲೆ, ಒಂದು ದಿನ ಅವನು ಒಲೆ ಹಚ್ಚುತ್ತಿದ್ದಾಗ ಹೇಳಿದಳು:

"ಒಲೆ ಹಚ್ಚುವ ಮುಂಚೆ ಒಂದು ಶಿಲುಬೆಯ ಗುರುತು ಹಾಕಿಬಿಡಿ. ಅವಳು ಹಾಕುತ್ತಿದ್ದಳು."

"ಮನಸ್ಸಿಲ್ಲ, ಅತ್ತೆ."

"ಮನಸ್ಸನ್ನು ಯಾರು ಕೇಳಿದರು? ಕೈ ಇದೆಯಲ್ಲ."

ಅವನಿಗೆ ನಗು ಬಂತು. ಹೆಂಡತಿ ಹೋದ ಮೇಲೆ ಬಂದ ಮೊದಲ ನಗು ಅದು. ನಕ್ಕದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟೂ ಬಂತು. ಆದರೆ ಕೈ ಹಣೆಗೆ ಹೋಯಿತು. ಎರಡು ತಿಂಗಳಲ್ಲಿ ಬೆಂಕಿಪೊಟ್ಟಣ ಮುಟ್ಟಿದರೆ ಕೈ ತಾನಾಗಿ ಹಣೆಗೆ ಹೋಗುವಂತಾಯಿತು.

ಮತ್ತೊಂದು ಸಲ ಹುಳುಮನೆಯ ಬಾಗಿಲಲ್ಲಿ ಕೂತು ಕೇಳಿದಳು. "ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕುತ್ತೀರಿ?"

"ನಾಲ್ಕು ಸಲ."

"ಪ್ರತಿ ಸಲ ಹುಳುಗಳ ಮೊದಲ ತಟ್ಟೆಗೆ ಹಾಕುವಾಗ ಒಂದು 'ನಮೋ ಮರಿಯಾ' ಹೇಳಿ. ಮೊದಲ ತಟ್ಟೆಗೆ ಮಾತ್ರ. ಉಳಿದ ತಟ್ಟೆಗಳಿಗೆ ಬೇಡ."

"ಹುಳುಗಳಿಗೆ ಅದು ಕೇಳಿಸುತ್ತದೆಯೇ?"

"ಅವಕ್ಕೆ ಕೇಳಿಸದಿದ್ದರೂ ಪರವಾಗಿಲ್ಲ. ನೀವು ಮರೆಯದಿದ್ದರೆ ಸಾಕು."

ಸಾಮಾನ್ಯವಾಗಿ ಅವನು ಮರೆಯುತ್ತಲೇ ಇದ್ದ. ಮೂರನೇ ತಟ್ಟೆಗೆ ಬಂದಾಗ ನೆನಪಾಗುತ್ತಿತ್ತು. ಆಗ ಅಲ್ಲಿಯೇ ನಿಂತು ಹೇಳುತ್ತಿದ್ದ. ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಕೆಲವೊಮ್ಮೆ ಹೇಳಿ ಮುಗಿಸಿದ ಮೇಲೂ ಆ ಸದ್ದು ಕೇಳುತ್ತಾ ಒಂದು ಗಳಿಗೆ ನಿಲ್ಲುತ್ತಿದ್ದ.

ಊಟಕ್ಕೆ ಮುಂಚೆ ದಿನದ ಒಂದು ಒಳ್ಳೆಯ ಸಂಗತಿಗೆ ವಂದನೆ ಹೇಳುವುದನ್ನೂ ಅತ್ತೆಯೇ ಆರಂಭಿಸಿದಳು. ಮೊದಲ ದಿನ ಅವನು, "ನನ್ನ ಬಳಿ ಏನೂ ಇಲ್ಲ" ಎಂದ.

"ಹಾಗಾದರೆ ನಿಮ್ಮ ಪಾಲಿನದನ್ನೂ ನಾನೇ ಹೇಳುತ್ತೇನೆ" ಎಂದು ಅವಳು ಕೈಜೋಡಿಸಿದಳು. "ಸ್ವಾಮಿ, ಇವತ್ತು ನಮ್ಮ ಅಳಿಯಂದಿರು ಸಾರಿಗೆ ಉಪ್ಪು ಸರಿಯಾಗಿ ಹಾಕಿದ್ದಾರೆ. ನಿನ್ನೆಯ ಹಾಗೆ ಅಲ್ಲ. ನಿಮಗೆ ವಂದನೆ."

ಕೆಲವು ದಿನ ಕಳೆದ ಮೇಲೆ ಅವನೂ ಹೇಳತೊಡಗಿದ. ಇವತ್ತು ಸೊಪ್ಪು ಚೆನ್ನಾಗಿತ್ತು. ಇವತ್ತು ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ದೊಡ್ಡದೇನೂ ಅಲ್ಲ.

ಒಂದು ದಿನ ಗೂಡು ಮಾರಲು ಮಾರುಕಟ್ಟೆಗೆ ಹೋದವನು ಅಲ್ಲಿಯೇ ಉಳಿಯಬೇಕಾಯಿತು. ಮರುದಿನ ಸಂಜೆ ಮಂಡಿಯೂರುವ ಮೊದಲು ಅಳುಕುತ್ತಾ ಕೇಳಿದ. "ನಿನ್ನೆಯದು ತಪ್ಪಿಹೋಯಿತು. ಇವತ್ತು ಎರಡು ಸಲ ಹೇಳಲೇ?"

"ನಿನ್ನೆಯ ಊಟವನ್ನು ಇವತ್ತು ಸೇರಿಸಿ ಉಣ್ಣುತ್ತೀರಾ?" ಎಂದಳು ಅತ್ತೆ. "ಇವತ್ತಿನದು ಹೇಳಿ. ನಿನ್ನೆ ನಾನು ಪಕ್ಕದ ಮನೆಯವರನ್ನು ಕರೆಸಿಕೊಂಡು ಹೇಳಿಸಿದೆ."

ಹೀಗೆ ವರ್ಷಗಳು ಹೋದವು. ನಾಲ್ಕನೇ ವರ್ಷದ ಒಂದು ಸಂಜೆ ಚೌರಪ್ಪನ ತಲೆಯಲ್ಲಿ ಬೇರೆ ಯೋಚನೆಯಿತ್ತು. ಸೊಪ್ಪು ಕೊಯ್ಯುವ ಆಳು ನಾಳೆ ಬರುತ್ತಾನೋ ಇಲ್ಲವೋ ಎಂದು. ಅದನ್ನೇ ಯೋಚಿಸುತ್ತಾ ಬಾಯಲ್ಲಿ ಜಪ ಹೇಳಿದ. ಹೇಳುತ್ತಾ ಹೇಳುತ್ತಾ, 'ನಿಮ್ಮ ಚಿತ್ತ ನೆರವೇರಲಿ' ಎಂಬ ಮಾತನ್ನೂ ಹೇಳಿ ಮುಂದೆ ಹೋಗಿಬಿಟ್ಟ. ಅದು ಅವನ ಗಮನಕ್ಕೂ ಬರಲಿಲ್ಲ. ಮುದುಕಿಯ ಗಮನಕ್ಕೆ ಬಂತು. ಎಂದೂ ಎರಡನೇ ಸಲ ಬಡಿಸಿಕೊಳ್ಳದವಳು ಅಂದು ತಟ್ಟೆ ಮುಂದೆ ಮಾಡಿ, "ಇನ್ನೊಂದು ಚೂರು ಮುದ್ದೆ ಹಾಕಿ" ಎಂದಳು.

ಏಳನೇ ವರ್ಷದ ಒಂದು ಬೆಳಿಗ್ಗೆ ಚೌರಪ್ಪ ತೋಟಕ್ಕೆ ಹೊರಟವನು ಕುಡುಗೋಲು ಮರೆತು ಅರ್ಧ ದಾರಿಯಿಂದ ತಿರುಗಿ ಬಂದ. ಮನೆಯೊಳಗೆ ದನಿ ಕೇಳಿಸಿತು. ಅತ್ತೆಯ ದನಿ. ಅವಳು ಒಬ್ಬಳೇ ಕೂತು ಜಪಸರ ಹೇಳುತ್ತಿದ್ದಳು. ಜಪಸರದ ಐದು ಭಾಗಗಳಾದ ಐದು ರಹಸ್ಯಗಳನ್ನು ಎಲ್ಲೂ ತಡವರಿಸದೆ ಮುಗಿಸಿದಳು. ಆಮೇಲೆ ಮಾತೆಯ ಸ್ತುತಿಮಾಲೆ ಹಿಡಿದಳು. ಸುಮಾರು ಐವತ್ತು ನಾಮಗಳು. ಆರೋಗ್ಯಮ್ಮ ಪುಸ್ತಕ ನೋಡಿ ಹೇಳುತ್ತಿದ್ದದ್ದನ್ನು ಈ ಮುದುಕಿ ಕಣ್ಣು ಮುಚ್ಚಿಕೊಂಡು ಒಂದರ ಹಿಂದೆ ಒಂದರಂತೆ ಹೇಳುತ್ತಿದ್ದಳು. ಒಂದೂ ಹಿಂದುಮುಂದಾಗಲಿಲ್ಲ.

ಚೌರಪ್ಪ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖ ಕೆಂಪಾಯಿತು.

"ನಿಮಗೆ ಮರೆವಿಲ್ಲ" ಎಂದ.

ಮುದುಕಿ ಬೆಚ್ಚಿದಳು. ತನ್ನ ಜಪಸರ ಹಿಡಿದ ಕೈ ಮಡಿಲಿಗೆ ಬಿತ್ತು. "ಇಲ್ಲ" ಎಂದಳು.

"ಅವತ್ತೂ ಇರಲಿಲ್ಲ?"

"ಅವತ್ತೂ ಇರಲಿಲ್ಲ."

"ಏಳು ವರ್ಷ ನನ್ನ ಹತ್ತಿರ ಸುಳ್ಳು ಹೇಳಿದಿರಿ. ನೀವು ಹಸಿದಿರುತ್ತೀರೆಂದು ನಾನು ಮಾರುಕಟ್ಟೆಯಿಂದ ಓಡೋಡಿ ಬಂದಿದ್ದೇನೆ. ಜ್ವರದಲ್ಲಿ ಎದ್ದು ಕೂತು ಹೇಳಿದ್ದೇನೆ."

"ಹೌದು. ಪ್ರತಿ ಸಲ ಪಾಪನಿವೇದನೆಗೆ ಹೋದಾಗ ಇದನ್ನೇ ಹೇಳುತ್ತೇನೆ. ಚರ್ಚಿನ ಸ್ವಾಮಿಗಳು ಬೈದು ಕ್ಷಮಿಸುತ್ತಾರೆ. ಸಂಜೆ ಬಂದು ಮತ್ತೆ ಅದನ್ನೇ ಮಾಡುತ್ತೇನೆ."

"ಯಾಕೆ?"

ಮುದುಕಿ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಆಗ ನೀವು ಬಾವಿಗೆ ಕಲ್ಲು ಹಾಕುತ್ತಿದ್ದಿರಿ, ಅಳಿಯಂದಿರೇ. ಒಂದೊಂದಾಗಿ. ನನಗೆ ಒಳಗೆ ಕೇಳಿಸುತ್ತಿತ್ತು. ಒಂದೊಂದು ಬಿದ್ದಾಗಲೂ ಬಿದ್ದದ್ದು ಕಲ್ಲೇ ಹೌದೇ ಎಂದು ಉಸಿರು ಹಿಡಿದು ಕೂರುತ್ತಿದ್ದೆ. ನನಗೆ ಕಣ್ಣಿಲ್ಲ. ನೀವು ಮಾತೂ ಆಡುತ್ತಿರಲಿಲ್ಲ. ನಿಮ್ಮ ದನಿ ಕೇಳದಿದ್ದರೆ ನೀವು ಇದ್ದೀರೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ದಿನಕ್ಕೊಂದು ಸಲವಾದರೂ ನಿಮ್ಮ ಬಾಯಿಂದ ಮಾತು ಬರಲಿ ಎಂದು ಹಾಗೆ ಮಾಡಿದೆ. ಮಗಳನ್ನು ಕಳೆದುಕೊಂಡಿದ್ದೆ. ಮಗನನ್ನೂ ಕಳೆದುಕೊಳ್ಳಲು ನನ್ನಲ್ಲಿ ಶಕ್ತಿ ಇರಲಿಲ್ಲ."

ಚೌರಪ್ಪ ಕುಡುಗೋಲು ತೆಗೆದುಕೊಂಡು ಹೊರಟುಹೋದ. ಇಡೀ ದಿನ ತೋಟದಲ್ಲೇ ಇದ್ದ. ಸಂಜೆ ಬಂದು ಅಡುಗೆ ಮಾಡಿ, ತಟ್ಟೆ ಇಟ್ಟು, ಹೇಳಿದ: "ಇವತ್ತಿನಿಂದ ನೀವು ಉಣ್ಣಿ. ನನ್ನನ್ನು ಕಾಯುವುದು ಬೇಡ."

"ಆಗಲಿ" ಎಂದಳು ಮುದುಕಿ. ಶಿಲುಬೆಯ ಗುರುತು ಹಾಕಿಕೊಂಡು ಮೊದಲ ತುತ್ತು ಮುರಿದಳು. ಹಸಿವು ಅವಳಿಗೂ ಇರಲಿಲ್ಲ. ಆದರೆ ಅವನಿಗೆ ಮತ್ತೆ ಸುಳ್ಳು ಹೇಳಬಾರದೆಂದು ಉಂಡಳು.

ಚೌರಪ್ಪ ಹುಳುಮನೆಗೆ ಹೋದ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳುಗಳು ಒಂದು ದಿನ ಹೀಗೆ ತಲೆಯೆತ್ತಿ ಅಲುಗಾಡದೆ ಕೂರುತ್ತವೆ. ಆಗ ಅವು ತಿನ್ನುವುದಿಲ್ಲ. ಅವನಿಗೆ ಅಲ್ಲಿ ಮಾಡುವ ಕೆಲಸವಿರಲಿಲ್ಲ. ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತ. ಏಳು ಗಂಟೆಯಾಯಿತು. ಅವನು ಎದ್ದು ನಿಂತ.

ಯಾಕೆ ಎದ್ದೆ ಎಂದು ತನ್ನನ್ನೇ ಕೇಳಿಕೊಂಡ. ಯಾರೂ ಹಸಿದಿಲ್ಲ. ಯಾರೂ ಕಾಯುತ್ತಿಲ್ಲ. ಮತ್ತೆ ಕೂತ. ಕೂತರೆ ಆಗಲಿಲ್ಲ. ದಿನವೂ ಆ ಹೊತ್ತಿಗೆ ಮಾತಾಡಿಸುತ್ತಿದ್ದವರೊಬ್ಬರು ಬಾಗಿಲಾಚೆ ಬಂದು ನಿಂತಿದ್ದಾರೆ, ತಾನು ಮುಖ ತಿರುಗಿಸಿ ಕೂತಿದ್ದೇನೆ ಎಂಬಂತೆ ಮನಸ್ಸಿಗೆ ಮುಜುಗರವಾಯಿತು. ಇಂದು ಹೇಳದಿದ್ದರೆ ಯಾರಿಗೆ ಏನು ನಷ್ಟ ಎಂದು ಯೋಚಿಸಿದ. ತನಗೇ ಎಂದು ತಿಳಿಯಿತು. ಎದ್ದು ಮನೆಯೊಳಗೆ ಹೋದ.

ಮುದುಕಿ ಕೈ ತೊಳೆಯುತ್ತಿದ್ದಳು. ಬೆಂಕಿಕಡ್ಡಿ ಗೀರಿದ ಸದ್ದು ಅವಳಿಗೆ ಕೇಳಿಸಿತು. ಅವಳು ಇದ್ದಲ್ಲೇ ನಿಂತಳು. ಅಂದಿನ ಜಪ ತನಗಾಗಿ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಎಲ್ಲಿ ಅದು ಮತ್ತೆ ತನ್ನದಾಗಿಬಿಡುವುದೋ ಎಂದು ನೀರು ತೊಟ್ಟಿಕ್ಕುವ ಕೈಯನ್ನು ಹಾಗೆಯೇ ಹಿಡಿದು ನಿಂತಳು.

ಪಟದ ಮುಂದಿನಿಂದ ಅಳಿಯನ ದನಿ ಕೇಳಿತು.

"ಅತ್ತೆ, ಬನ್ನಿ. ಒಬ್ಬನೇ ಹೇಳಲು ಒಂಥರಾ ಆಗುತ್ತದೆ."

ಅವಳು ಗೋಡೆ ಹಿಡಿದುಕೊಂಡು ಬಂದಳು. ಅವನು ಕೈಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಪಟದ ಹಿಂದೆ ಸಿಕ್ಕಿಸಿದ್ದ ಆರೋಗ್ಯಮ್ಮನ ಜಪಸರವನ್ನು ತೆಗೆದ. ಧೂಳು ಒರೆಸಿದ. ಅವನಿಗೆ ರಹಸ್ಯಗಳ ಕ್ರಮ ಗೊತ್ತಿರಲಿಲ್ಲ. ಅಂದು ಅತ್ತೆ ಹೇಳಿಕೊಟ್ಟಳು, ಅವನು ಹಿಂದೆ ಹಿಂದೆ ಹೋದ. ಅಷ್ಟು ಹೊತ್ತು ಮಂಡಿಯೂರಿ ಅಭ್ಯಾಸವಿಲ್ಲದ್ದರಿಂದ ಮೂರನೆಯ ರಹಸ್ಯದ ಹೊತ್ತಿಗೆ ಅವನಿಗೆ ಮಂಡಿ ನೋವು ಬಂತು. "ಇವತ್ತಿಗೆ ಇಷ್ಟು ಸಾಕು" ಎಂದು ಅತ್ತೆಯೇ ನಿಲ್ಲಿಸಿದಳು.

ಆಮೇಲೆ ಮದಲೇನಮ್ಮ ಐದು ವರ್ಷ ಬದುಕಿದಳು. ಕೊನೆಯ ವರ್ಷ ಅವಳಿಗೆ ನಿಜವಾಗಿಯೇ ಮರೆವು ಬಂತು. ಊಟ ಮಾಡಿದ್ದೂ ನೆನಪಿರುತ್ತಿರಲಿಲ್ಲ. ಮಗಳು ಎಲ್ಲಿ ಎಂದು ಕೇಳುತ್ತಿದ್ದಳು. ಜಪ ಶುರು ಮಾಡಿ ನಡುವೆ ನಿಂತುಬಿಡುತ್ತಿದ್ದಳು. ಚೌರಪ್ಪ ಹತ್ತಿರ ಕೂತು, ನಿಂತಲ್ಲಿಂದ ಹಿಡಿದು ಕೊನೆಯವರೆಗೆ ಹೇಳಿ ಮುಗಿಸುತ್ತಿದ್ದ. ಒಂದು ಮಧ್ಯಾಹ್ನ ಅವಳು ಅವನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಮಣ್ಣು ಮಾಡಿದ ದಿನ ಸಂಜೆ ಮನೆ ತುಂಬ ನೆಂಟರಿದ್ದರು. ಜಪ ಯಾರು ಹೇಳುವುದು ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿದರು. ಚೌರಪ್ಪ ಆಗಲೇ ಮಂಡಿಯೂರಿದ್ದ.

ಮದರ್ ಕತೆ ನಿಲ್ಲಿಸಿ ಇನ್ನೊಂದು ಹಿಡಿ ಅವರೆಕಾಯಿ ತೆಗೆದುಕೊಂಡರು.

ಲೂರ್ದು ಮೇರಿ ಸುಲಿಯುವುದನ್ನು ಯಾವಾಗಲೋ ಬಿಟ್ಟಿದ್ದಳು. "ಹಾಗಾದರೆ, ಮದರ್," ಎಂದಳು, "ಚೌರಪ್ಪನವರಿಗೆ ದೇವರ ಮೇಲೆ ಪ್ರೀತಿ ಬಂದದ್ದು ಯಾವಾಗ? ಒಬ್ಬರೇ ಎದ್ದು ಹೋಗಿ ಬತ್ತಿ ಹಚ್ಚಿದ ಆ ಸಂಜೆಯೇ?"

ಮದರ್ ಅವಳ ಮುಖ ನೋಡಿದರು. "ಬಂದದ್ದು ಯಾವಾಗ ಎಂದು ಕೇಳುತ್ತೀಯಲ್ಲ, ಮಗಳೇ, ಅದು ಹೋಗಿದ್ದಾದರೂ ಯಾವಾಗ?"

ಲೂರ್ದು ಮೇರಿ ಒಂದು ಅವರೆಕಾಯಿ ತೆಗೆದುಕೊಂಡು ಮತ್ತೆ ಸುಲಿಯತೊಡಗಿದಳು.